ಐಸ್ ಇಟ್ಟ ಮೇಲೆ ಕಾಲು ಮಾತು ಕೇಳ್ತಿಲ್ಲ, ನರ ವೀಕ್ ಆಗಿದೆಯಾ?

ಕಬಡ್ಡಿ ಪ್ರಾಕ್ಟೀಸ್ ನಡುವೆ ಮೀನಖಂಡಕ್ಕೆ 20 ನಿಮಿಷ ಐಸ್ ಇಟ್ಟು ಮತ್ತೆ ಅಂಕಣಕ್ಕೆ ಇಳಿದೆ, ಕಾಲು ಏಳಲೇ ಇಲ್ಲ ಎಂದು ಬರೆದಿದ್ದೀರಿ. ಸಂಜೆ ಹೊತ್ತಿಗೆ ಸರಿಹೋಯಿತು ಅಂತಲೂ ನೀವೇ ಹೇಳಿದ್ದೀರಿ. ಹಾಗಾದರೆ ನರ ಕೆಟ್ಟಿಲ್ಲ, ತಣ್ಣಗಾಗಿತ್ತು ಅಷ್ಟೇ.

ನಾನು ದಾವಣಗೆರೆಯಲ್ಲಿ ನರದ ಟೆಸ್ಟ್ ಮಾಡುತ್ತೇನೆ. ಕೈಗೆ ಸಣ್ಣ ಕರೆಂಟ್ ಕೊಟ್ಟು, ಅದು ನರದಲ್ಲಿ ಎಷ್ಟು ಬೇಗ ಹೋಗಿ ಸ್ನಾಯು ಮುಟ್ಟುತ್ತದೆ ಎಂದು ಅಳೆಯುವ ಕೆಲಸ. ಡಿಸೆಂಬರ್‌ನಲ್ಲಿ ಜಗಳೂರು ಕಡೆಯಿಂದ ಬೆಳಗ್ಗೆಯೇ ಬೈಕಿನಲ್ಲಿ ಬಂದವರ ಕೈ ಮುಟ್ಟಿದರೆ ಕಬ್ಬಿಣ ಮುಟ್ಟಿದ ಹಾಗಿರುತ್ತದೆ. ಆರೋಗ್ಯವಾಗಿರುವವರ ಕೈ ನರದಲ್ಲಿ ವೇಗ ಸೆಕೆಂಡಿಗೆ ಸಾಮಾನ್ಯವಾಗಿ 50 ಮೀಟರ್‌ಗಿಂತ ಜಾಸ್ತಿ. ಒಂದು ಡಿಗ್ರಿ ತಣ್ಣಗಾದರೆ ಹೆಚ್ಚುಕಡಿಮೆ 2 ಮೀಟರ್ ಇಳಿಯುತ್ತದೆ. 5 ಡಿಗ್ರಿ ಇಳಿದರೆ ಲೆಕ್ಕ ಹಾಕಿ! ರಿಪೋರ್ಟಿನಲ್ಲಿ ಅದು ಕಾಯಿಲೆಯ ಹಾಗೇ ಕಾಣುತ್ತದೆ. ಅದಕ್ಕೇ ಕೈ ಚರ್ಮ 32 ಡಿಗ್ರಿ ಬರುವ ತನಕ ಬಿಸಿ ಮಾಡಿ ಆಮೇಲೆ ಟೆಸ್ಟ್ ಶುರು ಮಾಡುತ್ತೇವೆ.

ನನ್ನ ಚಿಕ್ಕಮ್ಮನಿಗೆ ಬೇರೊಂದು ಕಡೆ ತಣ್ಣನೆ ಕೈಯಲ್ಲೇ ಟೆಸ್ಟ್ ಮಾಡಿ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಆಪರೇಷನ್ ಆಗಬೇಕು ಅಂದಿದ್ದರು. ಕೈ ಬೆಚ್ಚಗೆ ಮಾಡಿ ನೋಡಿದರೆ ಎಲ್ಲ ಸರಿಯಿತ್ತು. ಅಲ್ಲಿಯವರೆಗೆ ಅವರು ನಿದ್ದೆ ಮಾಡಿರಲಿಲ್ಲ. ನನಗೆ ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಇನ್ನೊಂದು ವಿಷಯ. ತಣ್ಣಗಾದ ನರದ ಸಿಗ್ನಲ್ ಸಣ್ಣದಾಗುವುದಿಲ್ಲ. ಪರದೆ ಮೇಲೆ ಅದರ ಅಲೆ ಇನ್ನೂ ಎತ್ತರ, ಇನ್ನೂ ಅಗಲ ಆಗುತ್ತದೆ! ನರದಲ್ಲಿ ಸೋಡಿಯಂ ಒಳಗೆ ಬರುವ ಪುಟ್ಟ ಬಾಗಿಲುಗಳಿವೆ. ಚಳಿಗೆ ಅವು ನಿಧಾನವಾಗಿ ತೆರೆಯುತ್ತವೆ, ಮುಚ್ಚುವುದು ಇನ್ನೂ ನಿಧಾನ. ಜಾಸ್ತಿ ಹೊತ್ತು ತೆರೆದಿರುವುದರಿಂದ ಅಲೆ ದೊಡ್ಡದು. ಸುದ್ದಿ ಪೂರ್ತಿ ತಲುಪುತ್ತದೆ, ತಡವಾಗಿ.

ಆದರೆ ನಿಮ್ಮ ಕಾಲು ಭಾರವಾಗಿದ್ದಕ್ಕೆ ನರಕ್ಕಿಂತ ಸ್ನಾಯುವೇ ದೊಡ್ಡ ಕಾರಣ. ಸ್ನಾಯು ಬಿಗಿಯಾಗಲು ಅದರೊಳಗಿನ ಪುಟ್ಟ ಚೀಲಗಳಿಂದ ಕ್ಯಾಲ್ಸಿಯಂ ಹೊರಬರಬೇಕು, ಸಡಿಲವಾಗಲು ಅದೇ ಕ್ಯಾಲ್ಸಿಯಂ ಆ ಚೀಲಗಳಿಗೆ ವಾಪಸ್ ಹೋಗಬೇಕು. ತಂಪಿನಲ್ಲಿ ಈ ವಾಪಸ್ ಹೋಗುವ ಕೆಲಸ ತುಂಬ ನಿಧಾನ. ಒಂದು ಹೆಜ್ಜೆಯ ಬಿಗಿ ಬಿಡುವ ಮೊದಲೇ ಮುಂದಿನ ಹೆಜ್ಜೆ ಬಂದಿರುತ್ತದೆ. ನಿಂತಲ್ಲೇ ಒತ್ತಿ ಹಿಡಿಯುವ ಶಕ್ತಿ ಅಷ್ಟೇನೂ ಕಮ್ಮಿಯಾಗುವುದಿಲ್ಲ. ಹೋಗುವುದು ಚುರುಕು. ಕಬಡ್ಡಿಯಲ್ಲಿ ಬೇಕಾದದ್ದೇ ಅದು ಅಲ್ವಾ? ಜನವರಿ ಬೆಳಗ್ಗೆ ಚಿತ್ರದುರ್ಗದ ಜೋಗಿಮಟ್ಟಿಗೆ ಬೈಕಿನಲ್ಲಿ ಹತ್ತಿದವರಿಗೆ ಇದು ಗೊತ್ತು. ಹ್ಯಾಂಡಲ್ ಗಟ್ಟಿಯಾಗಿ ಹಿಡಿಯಬಹುದು, ಜರ್ಕಿನ್ ಜಿಪ್ ಎಳೆಯಲು ಬರುವುದಿಲ್ಲ.

ಐಸ್ ತೆಗೆದ ತಕ್ಷಣ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಚರ್ಮ ಬೇಗ ಬೆಚ್ಚಗಾಗುತ್ತದೆ. ಒಳಗಿನ ಸ್ನಾಯು ಆಮೇಲೂ ಸ್ವಲ್ಪ ಹೊತ್ತು ತಣ್ಣಗಾಗುತ್ತಲೇ ಇರುತ್ತದೆ. ಐಸ್ ಇಡಬೇಕಿದ್ದರೆ ಆಟ ಮುಗಿದ ಮೇಲೆ ಇಡಿ. ನಡುವೆ ಇಡಲೇಬೇಕಾಗಿ ಬಂದರೆ ಸುಮ್ನೆ ನೇರವಾಗಿ ರೈಡ್‌ಗೆ ಹೋಗಬೇಡಿ, ನಿಧಾನವಾಗಿ ಓಡಿ ಕಾಲು ಬೆವರುವ ಹಾಗೆ ಮಾಡಿಕೊಳ್ಳಿ.

ಬೆಚ್ಚಗಿದ್ದಾಗಲೂ ಜೋಮು ಇದ್ದರೆ, ಪಾದ ಎತ್ತಲು ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಅವರು ನರದ ಟೆಸ್ಟ್ ಬರೆದುಕೊಟ್ಟರೆ, ಕರೆಂಟ್ ಕೊಡುವ ಮೊದಲು ಕಾಲು ಮುಟ್ಟಿ ನೋಡಿ ಎಂದು ಟೆಸ್ಟ್ ಮಾಡುವವರಿಗೆ ನೀವೇ ಹೇಳಿ.