ಮುಗಿಯದ ಪರಿಶೀಲನೆ: ಸರ್ಕಾರಿ ವಕೀಲರಿಗೆ ಟಿಪ್ಪಣಿ ಬರೆಯುವವರೊಬ್ಬರ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು ಮತ್ತು ಮೊಕದ್ದಮೆಯ ವಿವರಗಳನ್ನು ಬದಲಿಸಲಾಗಿದೆ.)

ಇಪ್ಪತ್ತೇಳರ ಯುವತಿ, ಉಡುಪಿ ಕಡೆಯವರು. ಮಂಗಳೂರಿನಲ್ಲಿ ಸರ್ಕಾರದ ಪರ ಸಿವಿಲ್ ದಾವೆ ನಡೆಸುವ ವಕೀಲರಿಗೆ ಕಾನೂನು ಸಂಶೋಧನೆ ಮಾಡಿಕೊಡುವ ಗುತ್ತಿಗೆ ಕೆಲಸ. ಕಡತ ಓದಿ, ಸೆಕ್ಷನ್ನು, ತೀರ್ಪು ಹುಡುಕಿ ಟಿಪ್ಪಣಿ ಬರೆಯುವುದು ಇವರ ಪಾಲು, ಕೋರ್ಟಿನಲ್ಲಿ ನಿಂತು ವಾದಿಸುವುದು ವಕೀಲರ ಪಾಲು. ನಿದ್ದೆ ಬರುತ್ತಿಲ್ಲ ಎಂದು ಬಂದಿದ್ದರು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ, ಹಿಂದಿನ ದಿನ ಕೊಟ್ಟ ತೀರ್ಪುಗಳನ್ನು ಮೊಬೈಲಿನಲ್ಲಿ ಮತ್ತೆ ತೆರೆಯುತ್ತಾರೆ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಇನ್ನೊಮ್ಮೆ. ಹೆಜಮಾಡಿ ಟೋಲ್ ದಾಟುವಾಗ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ.

ಇದಕ್ಕೆ ಕಾರಣವಾದ ಘಟನೆ ಸ್ಪಷ್ಟವಿತ್ತು. ರಿಟ್ ಅರ್ಜಿಯೊಂದರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಕೊಟ್ಟ ತೀರ್ಪನ್ನು ಟಿಪ್ಪಣಿಯಲ್ಲಿ ಹಾಕಿದ್ದರು. ಅದು ರಿಟ್ ಅಪೀಲಿನಲ್ಲಿ, ಅಂದರೆ ಮೇಲ್ಮನವಿಯಲ್ಲಿ, ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠದ ಮುಂದೆ ರದ್ದಾಗಿದೆ ಎಂದು ಎದುರು ಪಕ್ಷದ ವಕೀಲರು ತೆರೆದ ಕೋರ್ಟಿನಲ್ಲಿ ಎತ್ತಿ ತೋರಿಸಿದರು. ಹೊರಗೆ ಬಂದ ಮೇಲೆ ಇವರ ಹಿರಿಯ ವಕೀಲರು, "ಸರಿಯಾಗಿ ನೋಡಿ ಕೊಡ್ಲಿಕ್ಕೆ ಆಗುದಿಲ್ವಾ?" ಎಂದರು. ನಾಲ್ಕು ಜನರೆದುರು ಬಂದ ಅಷ್ಟೇ ಮಾತು. ಅಲ್ಲಿಂದ ಮುಂದೆ ಪ್ರತಿ ತೀರ್ಪನ್ನೂ ಮೂರು ಕಡೆ ನೋಡುವುದು, ನೋಡಿದ್ದನ್ನೇ ಮತ್ತೆ ನೋಡುವುದು. ಎರಡು ಪುಟದ ಟಿಪ್ಪಣಿ ಹದಿನಾಲ್ಕು ಪುಟವಾಯಿತು. ಅದು ವಕೀಲರ ಕೈ ಸೇರುವಾಗ ಕೋರ್ಟ್ ಕೂರಲು ಹತ್ತು ನಿಮಿಷ ಬಾಕಿ. ಹತ್ತು ನಿಮಿಷದಲ್ಲಿ ಹದಿನಾಲ್ಕು ಪುಟ ಯಾರೂ ಓದುವುದಿಲ್ಲ. ವಕೀಲರು ಓದದೆ ಒಳಗೆ ಹೋದರೆಂದು ಈಕೆಗೆ ಇನ್ನಷ್ಟು ಆತಂಕ, ಮುಂದಿನ ಟಿಪ್ಪಣಿಗೆ ಇನ್ನೆರಡು ಪುಟ.

ಇಂಥವರಿಗೆ "ಚಿಂತೆ ಬಿಡಿ" ಎನ್ನುವುದು ತಪ್ಪು ಸಲಹೆ. ಅವರ ಕೆಲಸದ ಕ್ರಮದಲ್ಲಿ ನಿಜವಾಗಿಯೂ ಒಂದು ಕಿಂಡಿ ಇತ್ತು: ತೀರ್ಪಿನ ನಂತರದ ಗತಿಯನ್ನು ನೋಡುವ ಹೆಜ್ಜೆಯೇ ಇರಲಿಲ್ಲ. ಆ ಕಿಂಡಿ ಮುಚ್ಚದೆ ಮನಸ್ಸಿಗೆ ಸಮಾಧಾನ ಹೇಳಿದರೆ ಮನಸ್ಸು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಹಾಗೆಂದು ಕ್ರಮ ಸರಿಮಾಡಿದರೆ ಆತಂಕ ತಾನಾಗಿ ಹೋಗುತ್ತದೆ ಎಂಬುದೂ ಸುಳ್ಳು. ಆದ್ದರಿಂದ ಮೊದಲು ಕ್ರಮ, ಆಮೇಲೆ ಕ್ರಮದ ಹೊರಗಿನ ಪ್ರತಿಯೊಂದು ಪರಿಶೀಲನೆಯನ್ನೂ ನಿಲ್ಲಿಸುವುದು. ಪರಿಶೀಲನೆ ಎಲ್ಲಿ ಮುಗಿಯಬೇಕೆಂದು ಹೇಳಬೇಕಾದದ್ದು ಕಾಗದದ ಮೇಲಿನ ಪಟ್ಟಿ, ಎದೆಬಡಿತವಲ್ಲ.

ಪಟ್ಟಿಯನ್ನು ಅವರ ಕೈಯಲ್ಲೇ ಬರೆಸಿದೆವು. ಮೊದಲನೆಯದು, ತಲೆಟಿಪ್ಪಣಿಯನ್ನು (ತೀರ್ಪಿನ ಮೇಲ್ಭಾಗದಲ್ಲಿ ಅಚ್ಚಾಗುವ ಸಾರಾಂಶವನ್ನು) ನಂಬದಿರುವುದು. ಅದನ್ನು ಬರೆಯುವವರು ವರದಿ ಪತ್ರಿಕೆಯ ಸಂಪಾದಕರು, ನ್ಯಾಯಾಧೀಶರಲ್ಲ. ಬೇಕಾದ ವಾಕ್ಯ ತೀರ್ಪಿನ ಯಾವ ಪ್ಯಾರಾದಲ್ಲಿದೆ ಎಂದು ಸಂಖ್ಯೆ ಬರೆದುಕೊಳ್ಳಬೇಕು, ಆ ಪ್ಯಾರಾ ನ್ಯಾಯಾಲಯದ ನಿರ್ಣಯವೋ ವಕೀಲರೊಬ್ಬರ ವಾದದ ಸಾರಾಂಶವೋ ನೋಡಬೇಕು. ಅವಸರದಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ. "ವಾದಿಯ ಪರ ವಕೀಲರು ಹೀಗೆ ವಾದಿಸಿದರು" ಎಂಬ ಪ್ಯಾರಾದ ನಡುವಿನ ಸಾಲೊಂದು ನಿರ್ಣಯವೆಂಬಂತೆ ಟಿಪ್ಪಣಿಗೆ ಬಂದುಬಿಡುತ್ತದೆ. ಆಮೇಲೆ ಪೀಠದಲ್ಲಿ ಎಷ್ಟು ನ್ಯಾಯಮೂರ್ತಿಗಳಿದ್ದರು, ಉಲ್ಲೇಖಿಸುತ್ತಿರುವುದು ಬಹುಮತದ ಅಭಿಪ್ರಾಯವೇ, ಅದು ಅಂತಿಮ ತೀರ್ಪೇ ಅಥವಾ ಮಧ್ಯಂತರ ಆದೇಶವೇ ಎಂಬುದು. ಕೊನೆಯದು ನಂತರದ ಗತಿ: ರಿಟ್ ಅರ್ಜಿಯ ಸಂಖ್ಯೆ ಮತ್ತು ಪಕ್ಷಕಾರರ ಹೆಸರು ಹಾಕಿ ಹೈಕೋರ್ಟ್ ಜಾಲತಾಣದಲ್ಲಿ ರಿಟ್ ಅಪೀಲು, ಸುಪ್ರೀಂ ಕೋರ್ಟ್ ಜಾಲತಾಣದಲ್ಲಿ ವಿಶೇಷ ಅನುಮತಿ ಅರ್ಜಿ ಇದೆಯೇ ಎಂದು ಒಮ್ಮೆ ಹುಡುಕುವುದು, ಆಧಾರವಾದ ಸೆಕ್ಷನ್ನು ತೀರ್ಪಿನ ನಂತರ ತಿದ್ದುಪಡಿಯಾಗಿದೆಯೇ ಎಂದು ನೋಡುವುದು. ಹುಡುಕಿದ ದಿನಾಂಕವನ್ನು ಟಿಪ್ಪಣಿಯ ಕೆಳಗೆ ಬರೆಯಬೇಕು. ಆ ದಿನಾಂಕದ ಸಾಲು ಬಹಳ ಮುಖ್ಯ. "ಇಂಥ ದಿನದವರೆಗೆ, ಇಂಥಲ್ಲಿ ನೋಡಿದ್ದೇನೆ" ಎಂದು ಬರೆದಲ್ಲಿಗೆ ಸಂಶೋಧಕರ ಹೊಣೆಯ ಗಡಿ ಗೊತ್ತಾಗುತ್ತದೆ, ವಕೀಲರಿಗೂ ಎಲ್ಲಿಂದ ಮುಂದೆ ನೋಡಬೇಕೆಂದು ತಿಳಿಯುತ್ತದೆ.

ಚಾಟ್‌ಬಾಟ್ ಬಳಸಿದರೆ ಬೇಗ ಆಗುತ್ತದಲ್ಲ ಎಂದು ಕೇಳಿದ್ದರು. ಇಲ್ಲದ ತೀರ್ಪನ್ನು ಇದೆ ಎಂದು ಅದು ಬರೆದುಕೊಟ್ಟ ಉದಾಹರಣೆಗಳಿವೆ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟ್ ಇಂಥದ್ದೇ ಕಾರಣಕ್ಕೆ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಅದಕ್ಕಿಂತ ಮುಖ್ಯ, ಸರ್ಕಾರಿ ಕಡತದ ವಿವರ ಅಲ್ಲಿ ಹಾಕುವಂತೆಯೇ ಇಲ್ಲ.

ಪ್ರತಿ ಟಿಪ್ಪಣಿಗೆ ಹೆಚ್ಚೆಂದರೆ ಐದು ತೀರ್ಪು, ಒಂದೊಂದಕ್ಕೆ ಪಟ್ಟಿಯ ಪರಿಶೀಲನೆ ಇಪ್ಪತ್ತು ನಿಮಿಷ ಎಂದು ನಿಗದಿಯಾಯಿತು. ಐದರಲ್ಲಿ ಒಂದಾದರೂ ಸರ್ಕಾರದ ಪಕ್ಷಕ್ಕೆ ವಿರುದ್ಧವಾದದ್ದಿರಬೇಕು ಎಂಬುದು ನಾವು ಒತ್ತಿ ಹೇಳಿದ ನಿಯಮ. ಸರ್ಕಾರದ ಮೇಲ್ಮನವಿ ತಡವಾದ ಪ್ರಕರಣ ತೆಗೆದುಕೊಳ್ಳಿ. ಅವಧಿ ಕಾಯಿದೆಯ (ಲಿಮಿಟೇಶನ್ ಆಕ್ಟ್) ಸೆಕ್ಷನ್ 5ರ ಅಡಿ ವಿಳಂಬ ಮನ್ನಿಸಲು ಕೇಳುವಾಗ ಎಲ್ಲರೂ ಹಾಕುವುದು 1987ರ ಕಾತಿಜಿ ತೀರ್ಪು, ಏಕೆಂದರೆ ಅದು ಉದಾರವಾಗಿ ನೋಡಿ ಎನ್ನುತ್ತದೆ. ಆದರೆ 2012ರ ಲಿವಿಂಗ್ ಮೀಡಿಯಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 427 ದಿನದ ವಿಳಂಬವನ್ನು ಮನ್ನಿಸಲಿಲ್ಲ. ಕಡತ ಮೇಜಿಂದ ಮೇಜಿಗೆ ಹೋಗಲು ತಡವಾಯಿತೆಂಬ ಸರ್ಕಾರಿ ವಿವರಣೆ ಸಾಲದು ಎಂದಿತು. ಮೊದಲನೆಯದನ್ನು ಮಾತ್ರ ಕೊಟ್ಟು ಎರಡನೆಯದನ್ನು ಬಿಟ್ಟರೆ ವಕೀಲರನ್ನು ಬರಿಗೈಯಲ್ಲಿ ಕಳಿಸಿದಂತೆ. ಎರಡನ್ನೂ ಕೊಟ್ಟರೆ ಅವರು ಇಲಾಖೆಯಿಂದ ದಿನಾಂಕವಾರು ವಿವರಣೆ ತರಿಸಿಕೊಳ್ಳುತ್ತಾರೆ.

ಇಲ್ಲಿ ಇನ್ನೊಂದು ವಿಷಯ ಹೊರಬಂತು. ಬಡ ಕೃಷಿಕರ ವಿರುದ್ಧ ಸರ್ಕಾರದ ಪರ ಕೆಲಸ ಮಾಡುತ್ತಿದ್ದೇನಲ್ಲ ಎಂಬ ಕಸಿವಿಸಿ. ಇದನ್ನು ಆತಂಕದ ಜೊತೆ ಬೆರೆಸಬಾರದು, ಇದು ರೋಗಲಕ್ಷಣವಲ್ಲ. ಸರ್ಕಾರಿ ವಕೀಲರ ಕರ್ತವ್ಯ ಹೇಗಾದರೂ ಗೆಲ್ಲುವುದಲ್ಲ, ನ್ಯಾಯಾಲಯಕ್ಕೆ ಸರಿಯಾದ ಕಾನೂನನ್ನು ತೋರಿಸುವುದು. ಎದುರಾಳಿಗೆ ಅನುಕೂಲವಾದ ತೀರ್ಪನ್ನು ಮುಚ್ಚಿಡದೆ ಟಿಪ್ಪಣಿಯಲ್ಲಿ ಬರೆಯುವ ಸಂಶೋಧಕಿ ಆ ಕೃಷಿಕರಿಗೂ ಅನ್ಯಾಯ ಮಾಡುತ್ತಿಲ್ಲ. ಈ ಮಾತಿನಿಂದ ಅವರ ಮುಖ ಸಡಿಲಾದದ್ದು ಕಂಡಿತು.

ಮುಂದಿನದು ಪ್ರಶ್ನೆಯ ಸಮಸ್ಯೆ. "ಕುಮ್ಕಿ ಮ್ಯಾಟರ್, ನಾಳೆಗೆ ಬೇಕು" ಎಂದು ವಕೀಲರು ವರಾಂಡದಲ್ಲಿ ಹೇಳಿ ಹೋಗುತ್ತಾರೆ. ಕುಮ್ಕಿ ಎಂದರೆ ಕೃಷಿಕರು ತಮ್ಮ ಜಮೀನಿಗೆ ತಾಗಿದ ಸರ್ಕಾರಿ ಜಾಗವನ್ನು ಸೊಪ್ಪು, ಸೌದೆಗೆ ಬಳಸುವ ಸವಲತ್ತು. ಈಕೆ ಮದ್ರಾಸ್ ಪ್ರಾಂತ್ಯದ ಇತಿಹಾಸದಿಂದ ಶುರುಮಾಡುತ್ತಾರೆ. ಪ್ರಶ್ನೆ ಸಣ್ಣದಾಗದೆ ಟಿಪ್ಪಣಿ ಸಣ್ಣದಾಗುವುದಿಲ್ಲ. ಹಾಗಾಗಿ ಅದೇ ಕಡತದ ಮೇಲೆ ಅಭ್ಯಾಸ ಮಾಡಿಸಿದೆವು. ಪ್ರಶ್ನೆ ಒಂದೇ ವಾಕ್ಯದಲ್ಲಿ ಹೀಗೆ ಬಂತು: "ತನ್ನ ವರ್ಗ (ಪಟ್ಟಾ) ಜಮೀನಿಗೆ ತಾಗಿದ ಜಾಗದಲ್ಲಿ ಸರ್ಕಾರ ಕಟ್ಟಡ ಕಟ್ಟದಂತೆ ತಾತ್ಕಾಲಿಕ ತಡೆಯಾಜ್ಞೆ ಕೊಡಲು ಕುಮ್ಕಿ ಸವಲತ್ತೊಂದೇ ಸಾಕೇ?" ಅದರ ಕೆಳಗೆ ಕಾನೂನು: ಕರ್ನಾಟಕ ಭೂಕಂದಾಯ ಕಾಯಿದೆ 1964ರ ಸೆಕ್ಷನ್ 79(2) ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಕುಮ್ಕಿ ಸವಲತ್ತನ್ನು ಮುಂದುವರಿಸಿದೆ, ಸೊಪ್ಪು, ಸೌದೆಗೆ ಬಳಸುವ ಸವಲತ್ತು ವರ್ಗದಾರರದು, ಭೂಮಿ ಸರ್ಕಾರದ್ದು. ಆಮೇಲೆ ಕಡತದಲ್ಲಿ ಇಲ್ಲದ್ದು: ವರ್ಗ ಕದೀಂ (ಹಳೆಯ ಕಾಲದಿಂದ ಇರುವಂಥದ್ದು) ಹೌದೇ ಎಂಬುದಕ್ಕೆ ದಾಖಲೆ, ಜಾಗ ವರ್ಗದ ಗಡಿಯಿಂದ 100 ಗಜದೊಳಗಿದೆಯೇ ಎಂದು ತೋರಿಸುವ ಸರ್ವೆ ನಕ್ಷೆ, ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 80ರ ಎರಡು ತಿಂಗಳ ನೋಟಿಸು ಕೊಟ್ಟಿದ್ದಾರೆಯೇ ಅಥವಾ ನೋಟಿಸಿಲ್ಲದೆ ಹೂಡಲು 80(2)ರಲ್ಲಿ ಕೋರ್ಟಿನ ಅನುಮತಿ ಪಡೆದಿದ್ದಾರೆಯೇ. ಎರಡು ಪುಟದಲ್ಲಿ ಮುಗಿಯಿತು. "ಕಡತದಲ್ಲಿ ಇಲ್ಲ" ಎಂದು ಬರೆಯಲು ಅವರು ಹೆದರುತ್ತಿದ್ದರು, ತನ್ನ ಕೊರತೆಯಂತೆ ಕಾಣುತ್ತದೆ ಎಂದು. ವಕೀಲರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಆ ಭಾಗವೇ. ಸರ್ವೆ ನಕ್ಷೆ ಇಲ್ಲವೆಂದು ಹಿಂದಿನ ಸಂಜೆ ಗೊತ್ತಾದರೆ ತಾಲೂಕು ಕಚೇರಿಗೆ ಫೋನ್ ಮಾಡಬಹುದು. ಕೋರ್ಟ್ ಹಾಲಿನಲ್ಲಿ ಗೊತ್ತಾದರೆ ಮುಂದಿನ ತಾರೀಕು ಕೇಳುವುದೊಂದೇ ದಾರಿ.

ಇನ್ನು ಆತಂಕದ ಭಾಗ. ನಿಯಮ ಒಂದೇ: ಪಟ್ಟಿಯ ಎಲ್ಲ ಸಾಲಿಗೂ ಗುರುತು ಬಿದ್ದು ಟಿಪ್ಪಣಿಯನ್ನು ವಕೀಲರಿಗೆ ಕೊಟ್ಟ ಮೇಲೆ ಆ ತೀರ್ಪುಗಳನ್ನು ಮತ್ತೆ ತೆರೆಯುವಂತಿಲ್ಲ. ತೆರೆಯಬೇಕೆಂದು ತೀವ್ರವಾಗಿ ಅನ್ನಿಸಿದಾಗ ಪುಸ್ತಕದಲ್ಲಿ ಸಮಯ ಬರೆದು, ಒತ್ತಡಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಟ್ಟು, ಅರ್ಧ ಗಂಟೆ ಬೇರೆ ಕೆಲಸ ಮಾಡಿ ಮತ್ತೆ ಅಂಕ ಬರೆಯುವುದು. ಏನೂ ಪರಿಶೀಲಿಸದೆಯೇ ಅಂಕ ಇಳಿಯುತ್ತದೆ ಎಂಬುದನ್ನು ಅವರೇ ತಮ್ಮ ಅಕ್ಷರದಲ್ಲಿ ನೋಡಬೇಕು, ನಾವು ಹೇಳಿದರೆ ಸಾಲದು. ಮೊದಲ ವಾರ ಸಣ್ಣ ಟಿಪ್ಪಣಿಗಳಿಗೆ ಮಾತ್ರ ಈ ನಿಯಮ, ಅಂತಿಮ ವಾದದ ಟಿಪ್ಪಣಿಗಳಿಗೆ ಮೂರನೇ ವಾರದಿಂದ. ರಾತ್ರಿ ಫೋನು ಮಲಗುವ ಕೋಣೆಯ ಹೊರಗೆ.

ಆತಂಕ ಹಿಂಬಾಗಿಲಿನಿಂದ ಬರುವುದು ಇಂಥಲ್ಲಿ ಸಾಮಾನ್ಯ, ಇಲ್ಲೂ ಬಂತು. ತಾನು ನೋಡುವುದನ್ನು ನಿಲ್ಲಿಸಿ, ಪಕ್ಕದ ಮೇಜಿನ ಗೆಳತಿಗೆ "ಒಮ್ಮೆ ನೋಡ್ತೀಯಾ ಮಾರಾಯ್ತಿ" ಎಂದು ಕೊಡತೊಡಗಿದರು. ಆಮೇಲೆ ಗುರುತು ಹಾಕಿದ ಪಟ್ಟಿಯ ಫೋಟೋ ತೆಗೆದು, ಬಸ್ಸಿನಲ್ಲಿ ಆ ಫೋಟೋವನ್ನೇ ನೋಡುತ್ತ ಕೂತರು. ಎರಡೂ ಹಳೆಯ ಚಟದ ಹೊಸ ರೂಪ. ಸಹೋದ್ಯೋಗಿ ನೋಡುವುದಾದರೆ ಅದು ಕಚೇರಿಯ ಕ್ರಮವಾಗಿ, ಎಲ್ಲರ ಟಿಪ್ಪಣಿಗೂ, ಒಂದೇ ಸಲ ಆಗಬೇಕು. ಫೋಟೋಗಳನ್ನು ನಮ್ಮೆದುರೇ ಅಳಿಸಿದರು.

ಮನೆಯಲ್ಲಿ ಗ್ಯಾಸು, ಬೀಗವನ್ನೂ ಪದೇ ಪದೇ ನೋಡುತ್ತಾರೆಯೇ ಎಂದು ಕೇಳಿದ್ದೆವು, ಇಲ್ಲ ಎಂದರು. ಹಾಗೆ ಹರಡಿದ್ದರೆ, ದಿನಕ್ಕೆ ಒಂದು ಗಂಟೆಗೂ ಮೀರಿ ಇದೇ ಆಗುತ್ತಿದ್ದರೆ, ಬದುಕು ಬೇಡವೆಂಬ ಯೋಚನೆ ಬರುತ್ತಿದ್ದರೆ ಆಪ್ತಸಲಹೆಯೊಂದೇ ಸಾಲದು, ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತ ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇವರು ರಾತ್ರಿ ತೀರ್ಪುಗಳನ್ನು ಮತ್ತೆ ನೋಡುವುದು ಒಂದು ಗಂಟೆಯ ಹತ್ತಿರ ಇದ್ದುದರಿಂದ ಒಂದು ತಿಂಗಳಲ್ಲಿ ಇಳಿಯದಿದ್ದರೆ ವೈದ್ಯರ ಬಳಿ ಹೋಗುವುದೆಂದು ಮೊದಲೇ ಮಾತಾಗಿತ್ತು. ಹೋಗಬೇಕಾಗಲಿಲ್ಲ.

ಹಿರಿಯರ ಜೊತೆ ಮಾತಾಡುವುದು ಉಳಿದಿತ್ತು. ಆ ದಿನದ ಮಾತಿನ ಬಗ್ಗೆ ನ್ಯಾಯ ಕೇಳಲು ಅವರಿಗೆ ಮನಸ್ಸಿರಲಿಲ್ಲ, ಒತ್ತಾಯಿಸಲಿಲ್ಲ. ಬದಲಿಗೆ ಕೆಲಸದ ಬೇಡಿಕೆಯಾಗಿ ಹೇಳುವಂತೆ ಅಭ್ಯಾಸ ಮಾಡಿಸಿದೆವು: "ಸರ್, ಹಿಂದಿನ ದಿನ ಸಂಜೆ ನಾಲ್ಕಕ್ಕೆ ಎರಡು ಪುಟ ಕೊಡ್ತೇನೆ. ಅದಕ್ಕೆ ಪ್ರಶ್ನೆ ಮತ್ತು ಕಡತ ಎರಡು ದಿನ ಮೊದಲು ಬೇಕು." ಹಿರಿಯರು ಒಪ್ಪಿದರು. ಸಂಜೆ ನಾಲ್ಕರ ಟಿಪ್ಪಣಿಯನ್ನು ಅವರು ಓದಿ, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಪ್ರಶ್ನೆ ಹಾಕಿ ಮರಳಿಸುತ್ತಿದ್ದಾರೆ. ಆ ಪ್ರಶ್ನೆಗಳಿಗೆ ಉತ್ತರಿಸುವುದು ಪಟ್ಟಿಯ ಹೊರಗಿನ ಪರಿಶೀಲನೆ ಅಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು.

ಆರು ವಾರದ ಹೊತ್ತಿಗೆ ನಿದ್ದೆ ಐದೂವರೆವರೆಗೆ ಬಂದಿದೆ, ಟಿಪ್ಪಣಿ ಮೂರು ಪುಟ ದಾಟಿಲ್ಲ. ವರಾಂಡದ ಪ್ರಶ್ನೆಗಳು ಮಾತ್ರ ನಿಂತಿಲ್ಲ. ಅವಕ್ಕೆ ಬಾಯಲ್ಲೇ ಉತ್ತರ ಕೊಡದೆ, ಜೇಬಿನ ಚೀಟಿಯಲ್ಲಿ ಕೇಸ್ ನಂಬರು, ತಾರೀಕು, ಒಂದು ವಾಕ್ಯದ ಪ್ರಶ್ನೆ ಬರೆದು, ಅದನ್ನು ಕೇಳಿದವರಿಗೇ ಓದಿ ಹೇಳಿ "ಇದೇ ಅಲ್ವಾ ಸರ್?" ಎಂದು ಕೇಳುವ ಅಭ್ಯಾಸ ಈಗ ನಡೆಯುತ್ತಿದೆ.