ಬಾಸ್ ಆಂಪ್ಲಿಫೈಯರ್: ವ್ಯಾಟಿನ ಲೆಕ್ಕ ಆಮೇಲೆ ನೋಡೋಣ

ಶಾಲೆಗಳಲ್ಲಿ ಗ್ಯಾದರಿಂಗ್ (ವಾರ್ಷಿಕೋತ್ಸವ) ತಯಾರಿ ಶುರುವಾಯಿತೆಂದರೆ ಅದದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತದೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಅಷ್ಟು ಜಾಗ ಬೇಕಿಲ್ಲ.

ಪ್ರಶ್ನೆ: ನಮ್ಮ ಹೈಸ್ಕೂಲಿನಲ್ಲಿ ಹದಿನಾಲ್ಕು ಮಕ್ಕಳ ಜಾಝ್ ಬ್ಯಾಂಡ್ ಇದೆ. ಟ್ರಂಪೆಟ್, ಸ್ಯಾಕ್ಸೊಫೋನ್, ಟ್ರಾಂಬೋನ್, ಕೀಬೋರ್ಡ್, ಡ್ರಮ್ಸ್ ಜೊತೆ ಒಬ್ಬ ಹುಡುಗಿ ಬಾಸ್ ಗಿಟಾರ್ ನುಡಿಸುತ್ತಾಳೆ. ಅಭ್ಯಾಸ ತರಗತಿಯಲ್ಲಿ, ಕಾರ್ಯಕ್ರಮ ಮೈದಾನದಲ್ಲಿ. ಅಂಗಡಿಯವರು 500 ವ್ಯಾಟ್‌ಗಿಂತ ಕಡಿಮೆ ಬೇಡವೇ ಬೇಡ ಅನ್ನುತ್ತಾರೆ. ಸೌಂಡ್ ಸಿಸ್ಟಮ್‌ನವರು ತಮ್ಮ ಡಾಲ್ಬಿ ಬಾಕ್ಸೇ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ? (ಸಂಗೀತ ಶಿಕ್ಷಕರು, ಬೆಳಗಾವಿ)

ಉತ್ತರ: ಇಬ್ಬರ ಮಾತೂ ಬೇಡ ಮಾಸ್ತರ.

ಗಣಪತಿ ಮೆರವಣಿಗೆಯ ಡಾಲ್ಬಿ ಬಾಕ್ಸು ಎದೆ ನಡುಗಿಸಲಿಕ್ಕೆ ಮಾಡಿದ್ದು. ಅದರ 18 ಇಂಚಿನ ಸ್ಪೀಕರ್‌ಗೆ ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಮಾತ್ರ ಕಳಿಸುತ್ತಾರೆ. ಬಾಸ್ ಗಿಟಾರಿನ ದಪ್ಪ ಇ ತಂತಿ 41 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ, ನಿಜ. ಆದರೆ ಹುಡುಗಿ ಯಾವ ಸ್ವರ ಹಿಡಿದಿದ್ದಾಳೆ ಅನ್ನುವುದು ಕಿವಿಗೆ ತಿಳಿಯುವುದು 82 ಹರ್ಟ್ಸ್‌ನಿಂದ ಮೇಲೆ ಬರುವ ಅದರ ಉಪಸ್ವರಗಳಿಂದ. ಬೆರಳು ತಂತಿ ಮೀಟಿದ ಸದ್ದು ಅದಕ್ಕಿಂತಲೂ ಬಹಳ ಮೇಲೆ ಇರುತ್ತದೆ. ಅದೆಲ್ಲ ಕತ್ತರಿಸಿಹೋದರೆ ಉಳಿಯುವುದು ಗುಡುಗು. ಜಾಝ್‌ನಲ್ಲಿ ಬಾಸ್ ನಾಲ್ಕೂ ಮಾತ್ರೆಗೆ ಹೆಜ್ಜೆ ಹಾಕಬೇಕು, ಮತ್ತು ಆ ಹೆಜ್ಜೆ ಕೇಳಿಸಬೇಕು.

ಇನ್ನು ವ್ಯಾಟು. 100 ವ್ಯಾಟ್ ಇದ್ದದ್ದನ್ನು 200 ಮಾಡಿದರೆ ಸದ್ದು ಏರುವುದು 3 ಡೆಸಿಬೆಲ್ ಅಷ್ಟೆ. ಗಮನ ಕೊಟ್ಟರೆ ಗೊತ್ತಾಗುವಷ್ಟು. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಸ್ಪೀಕರ್‌ನ ಸೆನ್ಸಿಟಿವಿಟಿಯನ್ನಂತೂ, ಅಂದರೆ ಒಂದು ವ್ಯಾಟ್ ಕೊಟ್ಟರೆ ಅದು ಎಷ್ಟು ಸದ್ದು ಮಾಡುತ್ತದೆ ಅನ್ನುವುದನ್ನು, ಯಾರೂ ಕೇಳುವುದಿಲ್ಲ. 97 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್‌ಗೆ 50 ವ್ಯಾಟ್ ಕೊಟ್ಟರೂ, 94ರದಕ್ಕೆ 100 ವ್ಯಾಟ್ ಕೊಟ್ಟರೂ ಸದ್ದು ಒಂದೇ. ಡಬ್ಬಿಯ ಮೇಲೆ ‘ಪಿಎಂಪಿಒ’ (ಕ್ಷಣಮಾತ್ರದ, ಉಬ್ಬಿಸಿದ ವ್ಯಾಟ್ ಲೆಕ್ಕ) ಅಂತ ಬರೆದಿದ್ದರೆ ಆ ಸಂಖ್ಯೆ ಓದಲೂ ಹೋಗಬೇಡಿ. ಆರ್‌ಎಂಎಸ್ (ಎಡೆಬಿಡದೆ ಕೊಡುವ ವ್ಯಾಟ್) ಎಷ್ಟು, ಎಷ್ಟು ಓಮ್‌ಗೆ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) ಅಂತ ಕೇಳಿ. ಅಂಗಡಿಯವನು ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಓಮ್ ಯಾಕೆ ಕೇಳಬೇಕು ಅಂದರೆ, ಫೆಂಡರ್ ಕಂಪನಿಯ ರಂಬಲ್ 500 ಬಾಸ್ ಆಂಪ್ಲಿಫೈಯರ್‌ನಲ್ಲಿ 10 ಇಂಚಿನ ಎರಡು ಸ್ಪೀಕರ್ ಇವೆ. ಬರೀ ಅವುಗಳ ಮೇಲೆ ಅದು ಕೊಡುವುದು 350 ವ್ಯಾಟ್. ಹೊರಗಿನಿಂದ ಇನ್ನೊಂದು ಸ್ಪೀಕರ್ ಕ್ಯಾಬಿನೆಟ್ ಜೋಡಿಸಿ, ಒಟ್ಟು ಲೋಡು 4 ಓಮ್‌ಗೆ ಇಳಿದಾಗಲೇ 500. ಇದರಲ್ಲಿ ಮೋಸವೇನಿಲ್ಲ, ಕಂಪನಿಯೇ ಹಾಗೆ ಬರೆದಿದೆ, ಓದುವವರು ಕಡಿಮೆ. ಇಲ್ಲೇ ನಮ್ಮ ‘ಸೌಂಡ್ ರಿಪೇರಿ ತಜ್ಞರು’ ಕೈ ಹಾಕುತ್ತಾರೆ. ಸದ್ದು ಹೆಚ್ಚಾಗುತ್ತದೆ ಅಂತ 8 ಓಮ್ ಸ್ಪೀಕರ್ ಕಿತ್ತು 4 ಓಮ್‌ನದು ಕೂರಿಸುತ್ತಾರೆ. ಕನಿಷ್ಠ 8 ಓಮ್ ಅಂತ ಹಿಂದೆ ಬರೆದಿರುವ ಆಂಪ್ಲಿಫೈಯರ್ ಕೆಲವು ದಿನ ಜೋರಾಗಿ ನುಡಿದು, ಬಿಸಿಯಾಗಿ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಕೊಳ್ಳುತ್ತದೆ. ಆಗ ಫ್ಯೂಸ್ ಜಾಗದಲ್ಲಿ ತಂತಿ ಸುತ್ತಿಕೊಡುವವರೂ ಅವರೇ. ಮಕ್ಕಳು ಮುಟ್ಟುವ ಸಾಮಾನು ಅದು, ಇಂಥವರಿಗೆ ಕೊಡಬೇಡಿ.

ನಿಮಗೆ ಬೇಕಾದದ್ದನ್ನು ನಿಮ್ಮ ಡ್ರಮ್ಸ್ ನಿರ್ಧರಿಸುತ್ತದೆ. ಮೈಕ್ ಇಲ್ಲದ ಡ್ರಮ್ಸ್, ಮೇಲೆ ಐದಾರು ಊದುವ ವಾದ್ಯ ಇದ್ದರೆ ತರಗತಿಗೆ 12 ಇಂಚಿನ ಸ್ಪೀಕರ್‌ನ 100 ವ್ಯಾಟ್ ಕಾಂಬೊ (ಆಂಪ್ಲಿಫೈಯರ್, ಸ್ಪೀಕರ್ ಎರಡೂ ಒಂದೇ ಬಾಕ್ಸಿನಲ್ಲಿರುವುದು) ಸಾಕು. ದೊಡ್ಡ ಹಾಲ್‌ನಲ್ಲಿ ಮೈಕ್ ಇಲ್ಲದೆ ನುಡಿಸುವುದಿದ್ದರೆ 200 ವ್ಯಾಟ್, 15 ಇಂಚಿನ ಒಂದು ಅಥವಾ 10 ಇಂಚಿನ ಎರಡು ಸ್ಪೀಕರ್. 30–40 ವ್ಯಾಟ್‌ನವು ಮನೆಯಲ್ಲಿ ಅಭ್ಯಾಸಕ್ಕೆ. ಬ್ಯಾಂಡಿನಲ್ಲಿ ಪೂರ್ತಿ ತಿರುಗಿಸಿ ನುಡಿಸಿದರೆ ಸದ್ದು ಒಡೆಯುತ್ತದೆ, ಕೋನ್ ಬೇಗ ಹಾಳಾಗುತ್ತದೆ. ನಾನಾಗಿದ್ದರೆ 200 ವ್ಯಾಟ್‌ನದನ್ನೇ ಕೊಳ್ಳುವೆ. ಜೋರಿಗಲ್ಲ, ಅರ್ಧ ತಿರುಗಿಸಿದಾಗಲೂ ಸದ್ದು ತಿಳಿಯಾಗಿರಲಿ ಅಂತ. ಎತ್ತಿ ನೋಡಿಯೇ ಕೊಳ್ಳಿ. ರಂಬಲ್ 100 ಸುಮಾರು 10 ಕಿಲೊ, 500ರದು 16 ಕಿಲೊ ದಾಟುತ್ತದೆ. ಮೆಟ್ಟಿಲ ಮೇಲೆ ಹೊರುವವರು ಎಂಟನೇ ತರಗತಿಯ ಮಕ್ಕಳು.

ಮೈದಾನ ತುಂಬಿಸುವುದು ಬಾಸ್ ಆಂಪ್ಲಿಫೈಯರ್ ಕೆಲಸವೇ ಅಲ್ಲ. ಅದಕ್ಕೇ ಎಕ್ಸ್‌ಎಲ್‌ಆರ್ ಡಿಐ ಔಟ್ (ಮಿಕ್ಸರ್‌ಗೆ ನೇರ ಸದ್ದು ಕಳಿಸುವ ಮೂರು ಪಿನ್ನಿನ ಕಿಂಡಿ) ಇರುವುದನ್ನು ಮಾತ್ರ ಕೊಳ್ಳಿ, ಜೊತೆಗೆ ಗುಂಯ್ ತಡೆಯುವ ಗ್ರೌಂಡ್ ಲಿಫ್ಟ್ ಬಟನ್ ಇರಲಿ. ಅಲ್ಲಿಂದ ಒಂದು ಕೇಬಲ್ ಸೌಂಡ್‌ನವರ ಮಿಕ್ಸರ್‌ಗೆ ಹೋದರೆ ಮುಗಿಯಿತು. ವೇದಿಕೆಯ ಮೇಲಿನ ಬಾಕ್ಸು ಮಕ್ಕಳಿಗೆ ಕೇಳಿಸಿದರೆ ಸಾಕು. ಪ್ರಿ, ಪೋಸ್ಟ್ (ಟೋನ್ ನಾಬ್‌ಗೆ ಮೊದಲಿನ ಸದ್ದು, ನಂತರದ ಸದ್ದು) ಆಯ್ಕೆ ಇದ್ದರೆ ಪ್ರಿ ಒತ್ತಿ. ಪೋಸ್ಟ್‌ನಲ್ಲಿದ್ದರೆ ಹುಡುಗಿ ನಡುವೆ ಬಾಸ್ ನಾಬ್ ತಿರುಗಿಸಿದಾಗ ಮೈದಾನದ ಸದ್ದೂ ಅದರ ಹಿಂದೆ ಹೋಗುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್ ಒಯ್ಯಿರಿ. ಎಲ್ಲ ಟೋನ್ ನಾಬ್ ನಡುವಿಗಿಟ್ಟು, ಅತಿ ಗಟ್ಟಿಯಾಗಿ ಮೀಟಿದಾಗ ಮಾತ್ರ ಕ್ಲಿಪ್ ದೀಪ (ಸದ್ದು ಒಡೆಯುವ ಸೂಚನೆ) ಮಿನುಗುವಷ್ಟು ಗೇನ್ (ಗಿಟಾರಿನಿಂದ ಒಳಬರುವ ಸದ್ದಿನ ನಾಬ್) ಏರಿಸಿ, ಕೂದಲೆಳೆಯಷ್ಟು ಇಳಿಸಿ. ಆಮೇಲೆ ಮಾಸ್ಟರ್ ವಾಲ್ಯೂಮ್ ಏರಿಸಿ. ಇ ತಂತಿಯ ಮೇಲೆ ಇ, ಎಫ್, ಜಿ ಒಂದೊಂದಾಗಿ ನಿಧಾನ ನುಡಿಸಲಿ. ನೀವು ಹದಿನೈದು ಅಡಿ ದೂರ ನಿಲ್ಲಿ. ಮೂರೂ ಸ್ವರ ಬೇರೆ ಬೇರೆಯಾಗಿ, ಹೆಚ್ಚುಕಡಿಮೆ ಒಂದೇ ತೂಕದಲ್ಲಿ ಕೇಳಬೇಕು. ಒಂದು ಮಾತ್ರ ಉಬ್ಬಿ ಉಳಿದವು ಮಂಕಾದರೆ ಬಾಕ್ಸನ್ನು ಮೂಲೆಯಿಂದ ಸರಿಸಿ ಮತ್ತೆ ಕೇಳಿ. ಆಗಲೂ ಹಾಗೇ ಇದ್ದರೆ ಆ ಬಾಕ್ಸು ಬೇಡ.

ಮಕ್ಕಳು ಒಬ್ಬರೇ ಕೂತು ನುಡಿಸುವಾಗ ಬಾಸ್, ಟ್ರೆಬಲ್ ಏರಿಸಿ ಮಿಡ್ ಇಳಿಸುತ್ತಾರೆ. ಮನೆಯಲ್ಲಿ ಭಾರೀ ಚೆಂದ ಕೇಳುತ್ತದೆ, ಬ್ಯಾಂಡಿನಲ್ಲಿ ಕರಗಿಹೋಗುತ್ತದೆ. ಆಗ ವಾಲ್ಯೂಮ್ ಏರಿಸುತ್ತಾರೆ, ಟ್ರಂಪೆಟ್‌ನವರು ಇನ್ನೂ ಜೋರಾಗಿ ಊದುತ್ತಾರೆ. ಬಾಸ್ ನಾಬ್ ತುಸು ಇಳಿಸಿ, 400ರಿಂದ 800 ಹರ್ಟ್ಸ್ ಸುತ್ತಿನ ಮಿಡ್ ತುಸು ಏರಿಸಿ. ಬಾಕ್ಸು ಡ್ರಮ್ಸ್‌ನ ಹೈ-ಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ತಾಳ) ಪಕ್ಕದಲ್ಲಿರಲಿ. ಟೊಳ್ಳು ಹಲಗೆಯ ವೇದಿಕೆಯಾದರೆ ಗಟ್ಟಿ ಬೆಂಚಿನ ಮೇಲೆ ಏರಿಸಿ. ಹಲಗೆ ಗುಂಯ್ಗುಡುವುದು ನಿಲ್ಲುತ್ತದೆ, ಮೊಣಕಾಲಿಗೆ ಬಡಿಯುತ್ತಿದ್ದ ಸದ್ದು ಕಿವಿಗೆ ಬರುತ್ತದೆ. ‘ಬಾಸ್ ಅಲೆ 27 ಅಡಿ ಉದ್ದ, ಅಷ್ಟು ದೂರ ಹೋದಮೇಲೇ ಸದ್ದು ಹುಟ್ಟುತ್ತದೆ’ ಅನ್ನುವುದು ಬುರುಡೆ. ಅಲೆಯ ಉದ್ದ ನಿಜ, ಉಳಿದದ್ದು ಸುಳ್ಳು. ಹೆಡ್‌ಫೋನ್ ಹಾಕಿಕೊಂಡಾಗ ಬಾಸ್ ಕೇಳಿಸುವುದಿಲ್ಲವೇ?

ಪ್ರಶ್ನೆ: ಜಾಝ್ ಬ್ಯಾಂಡಿಗೆ ಜಾಝ್ ಬಾಸ್ ಗಿಟಾರೇ ಬೇಕಾ? (ಬಾಗಲಕೋಟೆ)

ಉತ್ತರ: ಬೇಡ, ಅದು ಫೆಂಡರ್ 1960ರಲ್ಲಿ ತಂದ ಒಂದು ಮಾಡೆಲ್‌ನ ಹೆಸರು.

ಪ್ರಶ್ನೆ: ಮಾಮೂಲಿ ಗಿಟಾರ್ ಆಂಪ್ಲಿಫೈಯರ್‌ನಲ್ಲೇ ಬಾಸ್ ನುಡಿಸಬಹುದಾ? (ಮುಧೋಳ)

ಉತ್ತರ: ಮೆಲ್ಲಗಾದರೆ ಸರಿ, ಡ್ರಮ್ಸ್ ಜೊತೆಗಾದರೆ ಕೋನ್ ಹರಿಯುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ಬಾಸ್ ಆಂಪ್ಲಿಫೈಯರ್ ಗುಂಯ್ ಅನ್ನುತ್ತಿತ್ತು. ಸೌಂಡ್‌ನವರೊಬ್ಬರು ಪ್ಲಗ್ಗಿನ ದಪ್ಪ ಪಿನ್ ಮುರಿದುಕೊಟ್ಟರು, ಸದ್ದು ನಿಂತಿತು. ತೊಂದರೆ ಇಲ್ಲ ತಾನೆ? (ವಿಜಯಪುರ)

ಉತ್ತರ: ಇವತ್ತೇ ಆ ಪ್ಲಗ್ ಬದಲಾಯಿಸಿ, ಅಲ್ಲಿಯವರೆಗೆ ಆಂಪ್ಲಿಫೈಯರ್ ಹಚ್ಚಬೇಡಿ. ಅವರು ಮುರಿದದ್ದು ಅರ್ಥಿಂಗ್. ಒಳಗೆ ಫೇಸ್ ತಂತಿ ಎಲ್ಲಾದರೂ ಲೋಹಕ್ಕೆ ತಾಗಿದರೆ ಕರೆಂಟು ಕೇಬಲ್ ಹಿಡಿದು ಗಿಟಾರ್ ತಂತಿಗೆ ಬರುತ್ತದೆ. ಆ ಮಗು ಮೈಕ್‌ಗೆ ತುಟಿ ತಾಗಿಸಿದರೆ ಮುಗಿಯಿತು.

ಗುಂಯ್ ಹುಡುಕುವ ಕ್ರಮ ಹೀಗೆ. ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ. ಸದ್ದು ನಿಂತರೆ ದೋಷ ಗಿಟಾರಿನದು ಅಥವಾ ತಂತಿಯ ಕಂಪನ ಹಿಡಿಯುವ ಅದರ ಪಿಕಪ್‌ನದು. ಎರಡು ಸಿಂಗಲ್ ಕಾಯಿಲ್ ಪಿಕಪ್ ಇರುವ ಬಾಸ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ವಾಲ್ಯೂಮ್ ಪೂರ್ತಿ ತೆರೆದರೆ ಗುಂಯ್ ತಾನೇ ಅಡಗುತ್ತದೆ. ಸೊನ್ನೆಯಲ್ಲೂ ನಿಲ್ಲದಿದ್ದರೆ ಮಿಕ್ಸರ್‌ಗೆ ಹೋಗುವ ಕೇಬಲ್ ಕಿತ್ತು ನೋಡಿ. ಆಗ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಆಂಪ್ಲಿಫೈಯರ್, ಮಿಕ್ಸರ್ ಎರಡರ ಅರ್ಥಿಂಗ್ ಕೇಬಲ್ ಮೂಲಕ ಸೇರಿ ಆದ ಸುತ್ತು. ಎರಡನ್ನೂ ಒಂದೇ ಬೋರ್ಡಿನಿಂದ ಹಚ್ಚಿ, ಡಿಐ ಪಕ್ಕದ ಗ್ರೌಂಡ್ ಲಿಫ್ಟ್ ಒತ್ತಿ. ಆ ಬಟನ್ ಆಡಿಯೊ ಕೇಬಲ್‌ನ ಗ್ರೌಂಡ್ ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥಿಂಗ್ ಹಾಗೇ ಇರುತ್ತದೆ. ಮುಟ್ಟಿದಾಗ ಚುರುಕ್ ಅಂದರೆ ನೀವು ಕೈ ಹಾಕದೆ ವಾಯರ್‌ಮನ್ ಕರೆಸಿ ವೇದಿಕೆಯ ಅರ್ಥಿಂಗ್ ನೋಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ.

ಪ್ರಶ್ನೆ: ಅಮೆರಿಕದಿಂದ ಕಾಕಾ ಬಾಸ್ ಆಂಪ್ಲಿಫೈಯರ್ ತರುತ್ತೇನೆ ಅನ್ನುತ್ತಾರೆ. ತರಿಸಲೇ? (ಜಮಖಂಡಿ)

ಉತ್ತರ: ಹಿಂಭಾಗದಲ್ಲಿ 230 ವೋಲ್ಟ್ ಆಯ್ಕೆ ಇದ್ದರೆ ತರಿಸಿ. ಬರೀ 120 ಅಂತಿದ್ದರೆ, ಪ್ಲಗ್ ಬದಲಿಸಿ ನೇರ ಹಚ್ಚಿದ ಕ್ಷಣವೇ ಸುಡುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದು, ಆದರೆ ಹಿಂದೆ ಬರೆದ ವಿದ್ಯುತ್ ಬಳಕೆಗಿಂತ ದೊಡ್ಡದಿರಬೇಕು, ಅರ್ಥಿಂಗ್ ಇರುವ ಮೂರು ಪಿನ್ನಿನದಾಗಿರಬೇಕು. ಗ್ಯಾದರಿಂಗ್ ದಿನ ಗಡಿಬಿಡಿಯಲ್ಲಿ ಯಾರೋ ಒಬ್ಬರು ಅದನ್ನು ಬಿಟ್ಟು ನೇರ ಹಚ್ಚುತ್ತಾರೆ. ಕಾಕಾಗೆ ಒಳ್ಳೆಯ ತಂತಿ ಸೆಟ್ ತರಲು ಹೇಳಿ, ಆಂಪ್ಲಿಫೈಯರ್ ಇಲ್ಲೇ ಕೊಳ್ಳಿ.