ಎಲ್ಲ ಮೂವ್ ಬರುತ್ತವೆ, ಆದರೆ ನೆಲದಿಂದ ಒಂದೇ ಸಲ ಹತ್ತಲು ಆಗುತ್ತಿಲ್ಲ. ಏನು ಮಾಡಲಿ?

ಬಂಡೆ ಹತ್ತುವಾಗ ಹಗ್ಗಕ್ಕೆ ನೇತುಬಿದ್ದು ಸುಧಾರಿಸಿಕೊಂಡರೆ ರೂಟಿನ (ಹತ್ತುವ ದಾರಿಯ) ಎಲ್ಲ ಮೂವ್‌ಗಳೂ ಬರುತ್ತವೆ, ಆದರೆ ನೆಲದಿಂದ ಹತ್ತಿಕೊಂಡು ಹೋದರೆ ಪ್ರತಿ ಸಲ ಆರನೇ ಬೋಲ್ಟಿನ (ಹಗ್ಗ ಸಿಕ್ಕಿಸಲು ಬಂಡೆಗೆ ಕೂರಿಸಿದ ಮೊಳೆ) ಹತ್ತಿರ ಬೀಳುತ್ತೇನೆ, ಬೆರಳಿನ ಬಲ ಹೆಚ್ಚಿಸಿಕೊಂಡು ಆಮೇಲೆ ಬರಲಾ ಅಂತ ಕೇಳಿದ್ದೀರಿ. ಬೇಡ, ಈಗಲೇ ರೂಟ್ ಬಿಡಬೇಡಿ. ಮೂವ್ ಬರುತ್ತಿದೆ ಅಂದರೆ ಬೇಕಾದ ಬಲ ನಿಮ್ಮಲ್ಲಿದೆ. ಆ ಜಾಗ ತಲುಪುವ ಹೊತ್ತಿಗೆ ಅದು ಉಳಿದಿರುವುದಿಲ್ಲ. ಹಾಗಾಗಿ ಬೀಳುವ ಜಾಗವನ್ನೇ ನೋಡುತ್ತಾ ಕೂರಬೇಡಿ, ಅದರ ಕೆಳಗಿನ ಐದು ಬೋಲ್ಟುಗಳನ್ನು ನೋಡಿ.

ಜೋರಾಗಿ ಹಿಡಿದಾಗ ಮುಂಗೈ ಸ್ನಾಯುಗಳು ಬಿಗಿಯಾಗಿ ಒಳಗಿನ ರಕ್ತನಾಳಗಳನ್ನೇ ಅದುಮುತ್ತವೆ. ರಕ್ತ ಸರಿಯಾಗಿ ಓಡುವುದಿಲ್ಲ, ಕೈ ಕಲ್ಲಾಗುತ್ತದೆ. ಸುಲಭದ ಹಿಡಿಯನ್ನೂ ರೂಟಿನ ಅತಿ ಕಷ್ಟದ ಜಾಗವಾದ ಕ್ರಕ್ಸ್‌ನಷ್ಟೇ ಗಟ್ಟಿಯಾಗಿ ಹಿಡಿದರೆ ಕ್ರಕ್ಸ್‌ಗೆ ಮುಂಚೆಯೇ ಕೈ ಮುಗಿದಿರುತ್ತದೆ. ಕೆಳಗಿನ ಭಾಗ ಸುಲಭ ಅಂತ ಬಹಳ ಜನ ಅದನ್ನು ಅಭ್ಯಾಸವನ್ನೇ ಮಾಡುವುದಿಲ್ಲ. ಕಾಲು ಎಲ್ಲಿ ಬಂತೋ ಅಲ್ಲಿ ಇಡುತ್ತಾರೆ, ಎರಡೆರಡು ಸಲ ಕೈ ಬದಲಿಸುತ್ತಾರೆ. ನಾನಂತೂ ಆ ಭಾಗವನ್ನು ಕಣ್ಣು ಮುಚ್ಚಿ ಹೇಳುವಷ್ಟು ಕಲಿಯುತ್ತೇನೆ: ಯಾವ ಕಾಲು, ಯಾವ ಕೈ, ಎಲ್ಲಿ ಉಸಿರು ಬಿಡಬೇಕು.

ಕ್ಲಿಪ್ ಮಾಡುವ, ಅಂದರೆ ಬೋಲ್ಟಿಗೆ ಹಗ್ಗ ಸಿಕ್ಕಿಸುವ ಜಾಗವೂ ಇದರಲ್ಲೇ ಬರುತ್ತದೆ. ಕೆಟ್ಟ ಹಿಡಿಯಲ್ಲಿ ನಿಂತು, ತಲೆಗಿಂತ ಮೇಲಿರುವ, ಬೋಲ್ಟಿಗೆ ಹಾಕಿದ ಕೊಂಡಿಯಾದ ಕ್ವಿಕ್‌ಡ್ರಾಗೆ ಹಗ್ಗ ಎಳೆಯುವವರನ್ನು ಎಷ್ಟೋ ಸಲ ನೋಡಿದ್ದೇನೆ. ಬೇಗ ಕ್ಲಿಪ್ ಮಾಡಿದರೆ ಸುರಕ್ಷಿತ ಅನ್ನಿಸುತ್ತದೆ, ಆದರೆ ಎಳೆದ ಹಗ್ಗವೆಲ್ಲ ಸಡಿಲವಾಗಿರುವಾಗ ಕೈ ಜಾರಿದರೆ ಬೀಳುವ ದೂರ ಹೆಚ್ಚು. ಒಂದು ಮೂವ್ ಮುಂದೆ ಹೋಗಿ, ಒಳ್ಳೆಯ ಹಿಡಿ ಸಿಕ್ಕ ಮೇಲೆ ಎದೆ ಅಥವಾ ಸೊಂಟದ ಮಟ್ಟದಲ್ಲಿ ಕ್ಲಿಪ್ ಮಾಡಿದರೆ ಬಲವೂ ಉಳಿಯುತ್ತದೆ. ಇದು ಮೇಲಿನ ಬೋಲ್ಟುಗಳ ಮಾತು. ಮೊದಲ ಎರಡು ಮೂರು ಬೋಲ್ಟುಗಳಲ್ಲಿ ಬಿದ್ದರೆ ನೆಲಕ್ಕೇ ಬಡಿಯಬಹುದು, ಅಲ್ಲಿ ಹುಷಾರಾಗಿರಿ. ಮೊದಲ ಬೋಲ್ಟ್ ಎತ್ತರದಲ್ಲಿದ್ದರೆ ಕೋಲಿನಿಂದ ಮೊದಲೇ ಕ್ಲಿಪ್ ಮಾಡಿಬಿಡಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನು ಸುಧಾರಿಸಿಕೊಳ್ಳುವ ಜಾಗ. ಇದನ್ನು ಮೂವ್ ಹುಡುಕಿದಷ್ಟೇ ಶ್ರದ್ಧೆಯಿಂದ ಹುಡುಕಬೇಕು. ಚೆಕ್ ಕ್ಲೈಂಬರ್ ಆಡಮ್ ಒಂಡ್ರಾ 2017ರಲ್ಲಿ ನಾರ್ವೆಯ ಫ್ಲಾಟಾಂಗರ್ ಗುಹೆಯಲ್ಲಿ ‘ಸೈಲೆನ್ಸ್’ ಹತ್ತಿದರಲ್ಲ, 9ಸಿ ಎಂಬ ಕಷ್ಟದ ದರ್ಜೆ ಪಡೆದ ಮೊದಲ ರೂಟ್ ಅದು. ಅಲ್ಲಿ ಮೊಣಕಾಲು ಸಿಕ್ಕಿಸಿ ನಿಲ್ಲುವ ನೀಬಾರ್‌ಗಳಲ್ಲಿ ಹೆಚ್ಚು ಹೊತ್ತು ಸುಧಾರಿಸಿಕೊಳ್ಳಲು ಅವರು ಮೀನಖಂಡಕ್ಕೇ ಬೇರೆ ವ್ಯಾಯಾಮ ಮಾಡಿದ್ದರು. ನಿಮ್ಮ ಐದನೇ ಬೋಲ್ಟಿನ ಹತ್ತಿರವೂ ಹಿಮ್ಮಡಿ ಕೊಕ್ಕೆ ಹಾಕುವ ಅಂಚೋ, ತೊಡೆ ಒತ್ತುವ ಸಂದೋ ಇರಬಹುದು. ಅಲ್ಲಿ ಒಂದೊಂದೇ ಕೈ ಕೆಳಗೆ ಬಿಟ್ಟು ಕೊಡವಿ, ಉಸಿರು ನಿಧಾನವಾಗುವವರೆಗೆ ಕಾಯಿರಿ. ಸುಮ್ನೆ ಎರಡು ಸಲ ಕೈ ಆಡಿಸಿ ಹೊರಟರೆ ಏನೂ ಸಿಗುವುದಿಲ್ಲ. ಆದರೆ ಹಿಡಿಯೇ ಕೆಟ್ಟದಾಗಿದ್ದರೆ ನಿಂತಷ್ಟೂ ನಷ್ಟ. ಎರಡೂ ಥರ ಮಾಡಿ ನೋಡಿದರೆ ಗೊತ್ತಾಗುತ್ತದೆ.

ಅಭ್ಯಾಸವನ್ನು ಮೇಲಿನಿಂದ ಕೆಳಕ್ಕೆ ಮಾಡಿ. ಕೊನೆಯ ಬೋಲ್ಟಿನಿಂದ ರೂಟಿನ ತುದಿಯ ಆಂಕರ್‌ವರೆಗೆ, ಆಮೇಲೆ ಅದರ ಕೆಳಗಿನ ಬೋಲ್ಟಿನಿಂದ ಆಂಕರ್‌ವರೆಗೆ, ಹೀಗೆ ಒಂದೊಂದೇ ಬೋಲ್ಟ್ ಇಳಿಯುತ್ತಾ ಬನ್ನಿ. ಆರನೇ ಬೋಲ್ಟ್ ದಾಟಿದ ದಿನ ನಿಮಗೆ ಸಾಕಷ್ಟು ಸುಸ್ತಾಗಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ. ಆಗ ಮೇಲಿನದು ಚೆನ್ನಾಗಿ ಗೊತ್ತಿರಬೇಕು ಅಲ್ವಾ? ಹಗ್ಗದಲ್ಲಿ ಕೂರುತ್ತಾ ಕಲಿಯುವುದು ಅಡ್ಡದಾರಿಯಲ್ಲ. 1975ರಲ್ಲಿ ಜರ್ಮನಿಯ ಕುರ್ಟ್ ಆಲ್ಬರ್ಟ್, ಒಂದು ರೂಟನ್ನು ಹಗ್ಗದ ಮೇಲಾಗಲಿ ಮೊಳೆಯ ಮೇಲಾಗಲಿ ಭಾರ ಹಾಕದೆ ಪೂರ್ತಿ ಹತ್ತಿದ ಮೇಲೆ ಅದರ ಬುಡದಲ್ಲಿ ಕೆಂಪು ಚುಕ್ಕೆ ಬರೆಯಲು ಶುರು ಮಾಡಿದರು. ರೆಡ್‌ಪಾಯಿಂಟ್ ಅನ್ನುವ ಮಾತು ಬಂದಿದ್ದು ಅಲ್ಲಿಂದ: ಅಭ್ಯಾಸ ಮಾಡಿ, ಆಮೇಲೆ ಬೀಳದೆ ಒಂದೇ ಸಲ ಹತ್ತುವುದು. ಅದಕ್ಕೆ ಮುಂಚೆ ಎಷ್ಟು ಸಲ ಬಿದ್ದಿರಿ ಅನ್ನುವುದು ಲೆಕ್ಕಕ್ಕಿಲ್ಲ.

ಪ್ರಯತ್ನಗಳ ನಡುವೆ ಕನಿಷ್ಠ ಅರ್ಧ ಗಂಟೆ ಬಿಡಿ. ಬಂಡೆಗೆ ನೇರ ಬಿಸಿಲು ಬೀಳುವಾಗ ಹತ್ತಬೇಡಿ, ಬೆವರಿದ ಬೆರಳು ಸಣ್ಣ ಹಿಡಿಯಲ್ಲಿ ನಿಲ್ಲುವುದಿಲ್ಲ. ಹಿಡಿಗಳ ಮೇಲಿನ ಹಳೆಯ ಚಾಕ್ ಪುಡಿಯನ್ನು ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ತಂತಿ ಬ್ರಷ್ ಖಂಡಿತ ಬೇಡ, ಬಂಡೆ ಹಾಳಾಗುತ್ತದೆ.

ಒಂದನ್ನು ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಆ ಜಾಗದಲ್ಲಿ ನಿಜವಾಗಿಯೂ ಬೀಳುತ್ತಿದ್ದೀರಾ, ಅಥವಾ ಬೀಳುವ ಭಯಕ್ಕೆ ‘ಹಗ್ಗ ಎಳಿ’ ಅಂತ ಕೂಗಿ ಕೂರುತ್ತಿದ್ದೀರಾ? ಎರಡನೆಯದಾದರೆ ಬೆರಳಿಗಿಂತ ಬಿಲೇ, ಅಂದರೆ ಕೆಳಗೆ ನಿಂತು ನಿಮ್ಮ ಹಗ್ಗ ಹಿಡಿಯುವುದು, ಮುಖ್ಯ. ನೀವು ಬಿದ್ದಾಗ ಹಗ್ಗ ಬಿಗಿಯುವ ಕ್ಷಣಕ್ಕೆ ಸರಿಯಾಗಿ ಸಣ್ಣಗೆ ಜಿಗಿದು, ನಿಮ್ಮನ್ನು ಮೆತ್ತಗೆ ನಿಲ್ಲಿಸುವವರು ಕೆಳಗಿರಲಿ. ಬಂಡೆ ಬಾಗಿರುವ, ಕೆಳಗೆ ಏನೂ ತಾಗದ ಎತ್ತರದ ಜಾಗದಲ್ಲಿ ಮೊದಲು ಸಣ್ಣ ಸಣ್ಣ ಬೀಳುವಿಕೆಗಳನ್ನು ಅಭ್ಯಾಸ ಮಾಡಿ. ಹಗ್ಗ ಕಾಲಿನ ಹಿಂದೆ ಹೋಗದಂತೆ ನೋಡಿಕೊಳ್ಳಿ, ಬಿದ್ದರೆ ತಲೆಕೆಳಗಾಗುತ್ತೀರಿ. ಹೆಲ್ಮೆಟ್ ಇರಲಿ. ಹಗ್ಗದ ಕೆಳತುದಿಗೆ ಗಂಟು ಇರಲಿ. ಪ್ರತಿ ಸಲ ನೆಲ ಬಿಡುವ ಮುಂಚೆ ನಿಮ್ಮ ಗಂಟನ್ನು ಬಿಲೇ ಮಾಡುವವರು, ಅವರ ಬಿಲೇ ಸಾಧನವನ್ನು ನೀವು ನೋಡಿ.

ಇಷ್ಟೆಲ್ಲ ಮಾಡಿಯೂ, ಐದನೇ ಬೋಲ್ಟಿನಿಂದ ತಾಜಾ ಆಗಿ ಶುರು ಮಾಡಿದರೂ ಕ್ರಕ್ಸ್ ದಾಟಲು ಆಗದಿದ್ದರೆ, ಆಗ ಬೆರಳಿನ ಬಲದ ಪ್ರಶ್ನೆಗೆ ಬನ್ನಿ.